ಓಟೊ ಮಗುವಿಗೆ ಇಟ್ಟ ಎಡೆ

ನ್ಯೂಜೆರ್ಸಿಯ ಸಣ್ಣ ಮ್ಯೂಸಿಯಮ್ ಒಂದರಲ್ಲಿ ಹಳೆಯ ವಸ್ತುಗಳ ಫೋಟೊ ತೆಗೆಯುವುದು ನನ್ನ ಕೆಲಸ. ಹೋದ ವರ್ಷ ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಸ್ಟೋರ್‌ರೂಮಿನಲ್ಲಿ ನನ್ನ ಮುಂದೆ ಓಟೊ ಮಗುವೊಂದರ ಪಾದರಕ್ಷೆ ಇತ್ತು, ಮಣಿ ಹೊಲಿದ ಚರ್ಮದ್ದು. ಓಟೊಗಳೆಂದರೆ ಅಮೆರಿಕದ ಸರ್ಕಾರ ನೆಬ್ರಾಸ್ಕಾದ ನದಿ ದಂಡೆಯಿಂದ ಎಬ್ಬಿಸಿ ಒಕ್ಲಹೋಮಾಕ್ಕೆ ಕಳಿಸಿದ ಮೂಲನಿವಾಸಿ ಜನ.

ಈ ಮಗುವಿಗೆ ಯಾರು ಎಡೆ ಇಟ್ಟಾರು ಅನ್ನಿಸಿತು. ನನ್ನ ಬುತ್ತಿಯ ಮೊಸರನ್ನದಲ್ಲಿ ಒಂದು ತುತ್ತು ಅದರ ಪಕ್ಕ ಇಟ್ಟೆ. ನಮ್ಮ ಧಾರವಾಡದ ಮನೆಯಲ್ಲಿ ಮಾಡುವ ಹಾಗೆ ಬಾಗಿಲು ಮುಂದೆ ಮಾಡಿ ಹೊರಗೆ ನಿಂತೆ. ಹೋದವರು ಉಣ್ಣುವಾಗ ನೋಡಬಾರದು, ಒಳಗೆ ಹೋಗುವ ಮುಂಚೆ ಬಾಗಿಲು ಬಡಿಯಬೇಕು. ಬಡಿದು ಒಳಗೆ ಹೋದೆ. ಅನ್ನ ಹಾಗೇ ಇತ್ತು, ಆದರೆ ಮಂಜುಗಡ್ಡೆಯಷ್ಟು ತಣ್ಣಗೆ. ಪಾದರಕ್ಷೆಯ ಒಳಗಡೆ ಬೆಚ್ಚಗಿತ್ತು. ನನಗೆ ಹೆದರಿಕೆಯೂ ಆಗಲಿಲ್ಲ. ಫೋಟೊ ತೆಗೆದೆ.

ಮುಂದಿನ ತಿಂಗಳು ಡೆಲ್ಲಾ ಎಂಬ ಓಟೊ ಅಜ್ಜಿ ಆ ಪಾದರಕ್ಷೆಯನ್ನು ತಮ್ಮ ಊರಿಗೆ ಮರಳಿ ಒಯ್ಯಲು ಬಂದರು. ತಮ್ಮ ಭಾಷೆಯಲ್ಲಿ ಮಗುವನ್ನು ಕರೆದು, ಅದನ್ನಿಟ್ಟ ಪೆಟ್ಟಿಗೆ ಎತ್ತಿ, ನಿಂತೇಬಿಟ್ಟರು.

“ಹಗುರ ಆಗಿದೆ, ಮಗು ಇದರಲ್ಲಿಲ್ಲ. ಇವಳಿಗೆ ಯಾರಾದರೂ ಊಟ ಹಾಕಿದಿರಾ?”

“ಇಲ್ಲ” ಅಂದೆ. ಸ್ಟೋರ್‌ರೂಮಿಗೆ ಊಟ ಒಯ್ದದ್ದು ಗೊತ್ತಾದರೆ ಕೆಲಸ ಹೋಗುತ್ತದೆ.

ಈ ವರ್ಷದ ಅಮಾವಾಸ್ಯೆಗೆ ಎಡಿಸನ್ ಊರಿನ ನಮ್ಮ ಮನೆಯಲ್ಲಿ ಅವ್ವನಿಗೆ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ, ಗಂಡ ವಿರೂಪಾಕ್ಷನ ಜೊತೆ ಹೊರಗೆ ನಿಂತೆ. ಮನೆಯಲ್ಲಿರುವವರು ನಾವಿಬ್ಬರೇ.

“ಸಾಕು, ಬಾಗಿಲಾ ಬಡಿ” ಅಂದ.

ನಾನು ಕೈ ಎತ್ತುವ ಮೊದಲೇ ಒಳಗಿನಿಂದ ಬಾಗಿಲು ಬಡಿದ ಸದ್ದಾಯಿತು. ನನ್ನ ಮೊಣಕಾಲಿನ ಎತ್ತರದಲ್ಲಿ.