ಕೆಂಪಾಗದ ನೀಲಿ

ಊಟ ಬಲ್ಲವನಿಗೆ ರೋಗವಿಲ್ಲ, ಮಿಮಿಕ್ರಿ ಬಲ್ಲವನಿಗೆ ಮದುವೆಯಿಲ್ಲ. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಾಗದು.

ಬಿಸ್ಕತ್ತು ಫ್ಯಾಕ್ಟರಿಯ ಪಾಕದ ಟ್ಯಾಂಕ್ ಆಪರೇಟರನ್ನು ಎಲ್ಲರೂ ಗಿಳಿ ಎನ್ನುತ್ತಿದ್ದರು. ಮ್ಯಾನೇಜರರ ಕೆಮ್ಮಿನಿಂದ ಹಿಡಿದು ವ್ಯಾನಿನ ಹಾರ್ನ್‌ವರೆಗೆ ಎಲ್ಲ ದನಿಯೂ ಅವನಿಗೆ ಬರುತ್ತಿತ್ತು. ಲ್ಯಾಬಿನ ಕೆಮಿಸ್ಟ್ ಹುಡುಗಿಯ ಎದುರು ಮಾತ್ರ ಸ್ವಂತ ದನಿ ಬರುತ್ತಿರಲಿಲ್ಲ. ಕಾಕಂಬಿ, ಜೋಳದ ಪಾಕ ಎಂದು ದಿನಾ ಸ್ಯಾಂಪಲ್ ಹೊತ್ತು ಹೋಗುವನು. ಅವಳನ್ನು ನಗಿಸಿ, ಹೇಳಬೇಕಾದ್ದನ್ನು ನುಂಗಿಕೊಂಡು ಬರುವನು.

ಅಂದು ಅವಳ ಕೊನೆಯ ದಿನ. ದೂರದೂರಿಗೆ ವರ್ಗ; ಕರೆದೊಯ್ಯಲು ವ್ಯಾನು ಬರುವುದಿತ್ತು. ಕಿಟಕಿಯಲ್ಲಿ ಮಂಕು ಬೆಳಕು. ಅವಳ ಟೀ ಕಪ್ಪು ಆಗಲೇ ಬ್ಯಾಗು ಸೇರಿತ್ತು.

"ಕೊನೇ ಸ್ಯಾಂಪಲ್ಲು ಮೇಡಂ. ಜೋಳದ ಪಾಕ."

ಕುದಿಯುವ ನೀಲಿ ದ್ರಾವಣಕ್ಕೆ ಅವಳು ಹನಿಹನಿಯಾಗಿ ಬಿಟ್ಟಳು. ಜೋಳದ ಪಾಕ ಬಿದ್ದರೆ ನೀಲಿ ಹೋಗಿ ಇಟ್ಟಿಗೆಗೆಂಪು ಬರಬೇಕು. ಬರಲಿಲ್ಲ. ಮತ್ತೆ ಮಾಡಿದಳು. ನೀಲಿ ನೀಲಿಯೇ.

"ಪಳಗಿದ ಕೈ ಇವತ್ತೇ ಕೈಕೊಡ್ತಲ್ಲ ಗಿಳಿ," ಎಂದು ಬರ್ನರ್ ತಗ್ಗಿಸಿದಳು. "ಹೋಗೋಕೆ ಮನಸ್ಸೇ ಇಲ್ಲ ನೋಡಿ, ಅದಕ್ಕೇ ಇರಬೇಕು."

ತಮಾಷೆ ಅವನ ತುಟಿಯಲ್ಲೇ ಸತ್ತಿತು.

"ಕೈ ಸರಿ ಇದೆ ಮೇಡಂ. ಪಾಕವೇ ಸುಳ್ಳು. ಮನೆ ಸಕ್ಕರೆ ಕದಡಿ ತಂದೆ. ನಿಮ್ಮನ್ನ ಇನ್ನೊಂದು ಗಳಿಗೆ ಕೂರಿಸೋಣ ಅಂತ."

ಅವಳು ಬೈಯಲಿಲ್ಲ. ಅದೇ ಸಕ್ಕರೆ ನೀರಿಗೆ ಆಸಿಡ್ ಹಾಕಿ ಬೇಯಿಸಿದಳು, ಸೋಡಾ ಬೆರೆಸಿ ಅದರ ಹುಳಿ ಕಳೆದಳು, ಹೊಸ ನೀಲಿಗೆ ಬಿಟ್ಟಳು.

"ಮನೆ ಸಕ್ಕರೆ ಹೀಗೇ. ಸಿಹಿಯೆಲ್ಲ ಹೊಟ್ಟೆಯಲ್ಲೇ ಇಟ್ಕೊಂಡಿರುತ್ತೆ. ಬೆಂದು ನೊಂದು ಒಡೆಯೋವರೆಗೂ ಬಣ್ಣ ತೋರಿಸಲ್ಲ. ನಿಮ್ಮ ಹಾಗೇ."

ಫ್ಲಾಸ್ಕು ಕೆಂಪಾಯಿತು.

"ಹೋಗಬೇಡಿ," ಎಂದ.

"ಇದು ಯಾರ ಮಿಮಿಕ್ರಿ?"

"ಯಾರದ್ದೂ ಅಲ್ಲ. ನೀವಂದ್ರೆ ನಂಗಿಷ್ಟ."

ಅವಳು ಬರ್ನರ್ ಆರಿಸಿದಳು.

"ಈ ವರ್ಗ ನಾನೇ ಕೇಳಿ ತಗೊಂಡಿದ್ದು ಕಣೋ. ದಿನಾ ಬರ್ತೀಯ, ನಗಿಸ್ತೀಯ, ಹೋಗ್ತೀಯ. ಎಷ್ಟು ಅಂತ ಕಾಯ್ಲಿ?"

ಹೊರಗೆ ವ್ಯಾನಿನ ಹಾರ್ನ್ ಕೂಗಿತು. ಅವಳು ಆಸೆಯಿಂದ ಅವನ ತುಟಿ ನೋಡಿದಳು.

"ಇದೂ ನೀನೇ ತಾನೇ?"

ಅವನು ಇಲ್ಲವೆಂದು ತಲೆಯಾಡಿಸಿದ. ಮತ್ತೆ ಹಾರ್ನ್.

"ರಜೆ ಹಾಕಿ ಅಲ್ಲಿಗೆ ಬಾ," ಎಂದು ಬ್ಯಾಗು ಎತ್ತಿಕೊಂಡಳು. "ಸ್ಯಾಂಪಲ್ ತರಬೇಡ."

ಬಾಗಿಲ ಬಳಿ ಆ ಸಕ್ಕರೆ ನೀರು ನೆನಪಾಗಿ ಅವಳಿಗೆ ಒಮ್ಮೆಲೇ ನಗು ಉಕ್ಕಿತು. ಕಣ್ಣೊರೆಸಿಕೊಳ್ಳುತ್ತ, ಕಾರಿಡಾರ್ ತುಂಬುವಂತೆ ನಕ್ಕಳು. ಯಾರ ದನಿಯನ್ನಾದರೂ ಹಿಡಿಯಬಲ್ಲ ಗಿಳಿಗೆ ಆ ನಗುವೊಂದು ಕೊನೆಗೂ ಬರಲಿಲ್ಲ.