ಮೂರನೇ ಖೋಲಿಯ ಕ್ಯಾಲ್ಕುಲೇಟರು

ಹಿಟ್ಟಿನ ಕೈಯಲ್ಲೇ ದ್ರಾಕ್ಷಾಯಣಿ ಫೋನನ್ನು ಕಿವಿಗಿಟ್ಟುಕೊಂಡಳು. ಗಣೇಶಗುಡಿಯಲ್ಲಿ ಅವಳು ಕೆಲಸ ಮಾಡುವ ಹೋಂಸ್ಟೇಯ ಯಜಮಾನ ಶಿವಯೋಗಿಯ ದನಿ.

“ಅಕ್ಕಾ, ಹೋದ ರವಿವಾರ ಮೂರನೇ ಖೋಲಿಯೊಳಗ ಪುಣೆದವರು ಇದ್ರಲ್ಲ... ಅವರ ಮಗಳದು ಒಂದು ದೊಡ್ಡ ಕ್ಯಾಲ್ಕುಲೇಟರ್ ಬಿಟ್ಟು ಹೋಗೇತಂತ. ಕಪ್ಪಂದು. ಕಸಾ ಹೊಡಿಯೋ ಮುಂದ ಏನರ ಸಿಕ್ಕಿತ್ತೇನ್ರಿ?”

ಅಡುಗೆಮನೆಯ ಬಾಗಿಲಿನಾಚೆ, ಕಿಟಕಿಯ ಬೆಳಕಿನಲ್ಲಿ, ಆ ಕಪ್ಪು ಕ್ಯಾಲ್ಕುಲೇಟರು ಅವಳ ಮಗಳು ಸಹನಾಳ ತೊಡೆಯ ಮೇಲೇ ಇತ್ತು. ಹುಡುಗಿ ಒಂದು ಸಮೀಕರಣ ಒತ್ತಿ, ತೆರೆಯ ಮೇಲೆ ಮೂಡುತ್ತಿದ್ದ ಗೆರೆಯನ್ನು ನೋಡಿ ತನ್ನಷ್ಟಕ್ಕೆ ನಗುತ್ತಿದ್ದಳು. ಎಷ್ಟು ದಿನವಾಗಿತ್ತು ಆ ಮುಖದಲ್ಲಿ ನಗು ಕಂಡು!

“ಇಲ್ರಿ,” ಎಂದಳು ದ್ರಾಕ್ಷಾಯಣಿ. “ನನಗೇನೂ ಸಿಕ್ಕಿಲ್ರಿ...”

ಫೋನು ಕೆಳಗಿಟ್ಟಾಗ ಅದರ ಮೇಲೆಲ್ಲ ಜೋಳದ ಹಿಟ್ಟು. ತಿರುಗಿದರೆ ಒಲೆಯ ಮುಂದೆ ಕುಳಿತಿದ್ದ ಅತ್ತೆ ಗುರುಸಿದ್ದವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು.

“ಯಾರದು?”

“ಕೆಲಸದ ಮನಿಯವರದು, ಅತ್ತಿ.”

“ಮಾರಿ ಯಾಕ ಬಿಳಿಚೇತಿ ಹಂಗಾರ? ಲಿಂಗದಾಣಿ, ನೀ ಏನೋ ಮುಚ್ಚತಿ!”

ಮಾತಿಗೊಮ್ಮೆ ಲಿಂಗದ ಆಣೆ ಇಡುವುದು ಮುದುಕಿಗೆ ಒಂದು ರೂಢಿ. ಉಪ್ಪು ಕಡಿಮೆಯಾದರೂ ಲಿಂಗದಾಣಿ, ಬಸ್ಸು ತಡವಾದರೂ ಲಿಂಗದಾಣಿ. ಎದೆಯ ಮೇಲಿನ ಇಷ್ಟಲಿಂಗದ ಕರಡಿಗೆಯನ್ನು ಎರಡು ಬೆರಳಿನಿಂದ ಮುಟ್ಟದೆ ಆಕೆ ಒಂದು ಮಾತು ಮುಗಿಸಿದವಳಲ್ಲ. ಹಾಗೆಂದೇ ದಾಂಡೇಲಿಯ ಆ ಓಣಿಯಲ್ಲಿ ಗುರುಸಿದ್ದವ್ವನ ಮಾತೆಂದರೆ ಬರೆದುಕೊಟ್ಟ ಹಾಗೆ.

ಮೂರು ಹೆಂಗಸರ ಮನೆ ಅದು. ಕಾಗದದ ಕಾರ್ಖಾನೆಯಲ್ಲಿದ್ದ ದ್ರಾಕ್ಷಾಯಣಿಯ ಗಂಡ ರುದ್ರೇಶ ಮೂರು ವರ್ಷದ ಹಿಂದೆ ಜ್ವರದಲ್ಲಿ ಹೋಗಿಬಿಟ್ಟ. ಮಗನನ್ನು ಕಳೆದುಕೊಂಡ ಮುದುಕಿಗೆ ಅಂದಿನಿಂದ ಸೊಸೆ ನಿಂತರೂ ತಪ್ಪು, ಕುಂತರೂ ತಪ್ಪು. “ನೀ ದವಾಖಾನಿಗೆ ಲಗೂನ ಒಯ್ದಿದ್ರ ನನ್ನ ಮಗ ಇರತಿದ್ದ,” ಎಂಬ ಒಂದು ಮಾತನ್ನು ದಿನಕ್ಕೊಮ್ಮೆಯಾದರೂ ಅನ್ನದೆ ಬಿಡುವವಳಲ್ಲ. ದ್ರಾಕ್ಷಾಯಣಿ ಕೇಳಿಸಿಕೊಂಡು ಬಸ್ಸು ಹತ್ತಿ ಗಣೇಶಗುಡಿಗೆ ಹೋಗುವಳು. ಖೋಲಿ ಗುಡಿಸಿ, ಹಾಸಿಗೆ ಝಾಡಿಸಿ, ಸಂಜೆ ಮರಳುವಳು. ರವಿವಾರ ಮಾತ್ರ ಮುದುಕಿಯೂ ಜೊತೆಗೆ. ಹೋಂಸ್ಟೇಯ ಅಂಗಳದಲ್ಲಿ ಒಲೆ ಹಾಕಿ ಆಕೆ ರೊಟ್ಟಿ ಬಡಿಯುವುದನ್ನು ನೋಡಲು ಹೊಳೆಗೆ ಬಂದ ಪ್ರವಾಸಿಗರು ಸುತ್ತ ನಿಲ್ಲುತ್ತಿದ್ದರು, ಫೋಟೊ ತೆಗೆಯುತ್ತಿದ್ದರು. ಆ ದಿನ ಮುದುಕಿ ಇಳಕಲ್ ಸೀರೆ ಉಡುತ್ತಿದ್ದಳು. ವಾರವಿಡೀ ಕಾಯುತ್ತಿದ್ದುದು ಆ ಒಂದು ದಿನಕ್ಕೆ.

ಸಹನಾಗೆ ಇಪ್ಪತ್ತೈದು ದಿನಕ್ಕೆ ಸಿಇಟಿ. ಸರಕಾರಿ ಸೀಟು ಸಿಕ್ಕರೆ ಇಂಜಿನಿಯರಿಂಗ್. ಇಲ್ಲವಾದರೆ ಓದು ಅಲ್ಲಿಗೇ ಮುಗಿಯಿತು. “ಸೀಟ್ ಸಿಗಲಿಲ್ಲಂದ್ರ ಅವ್ವನ ಜೋಡಿ ಖೋಲಿ ಕಸಾ ಹೊಡಿ. ಕಸಬರಿಗಿಗೆ ಯಾವ ಪರೀಕ್ಷಾನೂ ಇಲ್ಲ!” ಎಂದು ಅವಳ ಆಯಿ, ಅಂದರೆ ಅಜ್ಜಿ ಗುರುಸಿದ್ದವ್ವ, ಹಂಗಿಸಿದ್ದಳು. ಹುಡುಗಿ ದಡ್ಡಿಯಲ್ಲ. ಆದರೆ ತಂದೆ ಹೋದ ಮೇಲೆ ಅವಳಲ್ಲಿ ಒಂದು ಭಯ ಹೊಕ್ಕು ಕುಳಿತಿತ್ತು. ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಗ್ರಾಫ್ ಕಂಡರೆ ಸಾಕು, ಅಂಗೈ ತಣ್ಣಗಾಗಿ, ಅಕ್ಷರಗಳು ಇರುವೆಯಂತೆ ಹರಿದಾಡುತ್ತಿದ್ದವು. ಕಾಲೇಜಿನ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅರ್ಧ ಪತ್ರಿಕೆ ಖಾಲಿ ಬಿಟ್ಟು ಬಂದಿದ್ದಳು.

ಹೋಂಸ್ಟೇಯಲ್ಲಿ ಒಂದು ಕಟ್ಟಳೆ ಇತ್ತು. ಯಾರಾದರೂ ಮರೆತು ಹೋದ ಸಾಮಾನು ಅಡುಗೆಮನೆಯ ಪಕ್ಕದ ಕಟ್ಟಿಗೆಯ ಪೆಟ್ಟಿಗೆಗೆ ಹೋಗಬೇಕು. ಒಂದು ತಿಂಗಳು ಯಾರೂ ಕೇಳದಿದ್ದರೆ ಸಿಕ್ಕವರಿಗೇ ಸೇರಿತು. ಹಾಗೆ ಎಷ್ಟೋ ಟವೆಲು, ತಂಪು ಕನ್ನಡಕ, ನೀರಿನ ಬಾಟಲಿ ದ್ರಾಕ್ಷಾಯಣಿಯ ಮನೆಗೂ, ಅವಳ ಜೊತೆಗಾತಿ ಯಲ್ಲವ್ವನ ಮನೆಗೂ ಬಂದಿದ್ದವು. ಯಾರೂ ಯಾವತ್ತೂ ಕೇಳಿದ್ದಿಲ್ಲ. ಮೂರನೇ ಖೋಲಿಯ ಮಂಚದ ಸಂದಿಯಲ್ಲಿ ಆ ಯಂತ್ರ ಸಿಕ್ಕಾಗ, ಕೈ ತಾಗಿ ಬೆಳಗಿದ ಅದರ ತೆರೆಯ ಮೇಲೆ ಥೇಟ್ ಮಗಳ ಪುಸ್ತಕದ ಗೆರೆ ಕಂಡಿತು. ತಿಂಗಳ ಕಾಲ ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿರುವ ಬದಲು ಮಗಳ ಕೈಯಲ್ಲಿ ಇರಲಿ, ಪರೀಕ್ಷೆ ಮುಗಿದ ಮೇಲೆ ಪೆಟ್ಟಿಗೆಗೆ ಹಾಕಿದರಾಯಿತು... ಅಷ್ಟೇ ಅವಳ ಲೆಕ್ಕ. “ಯಜಮಾನ್ರು ಕೊಟ್ರು,” ಎಂದು ಮಗಳಿಗೆ ಹೇಳಿದಳು.

ಸಿಇಟಿಯೊಳಗೆ ಕ್ಯಾಲ್ಕುಲೇಟರು ಬಿಡುವುದಿಲ್ಲವೆಂದು ಸಹನಾಗೆ ಗೊತ್ತಿತ್ತು. ಆದ್ದರಿಂದ ಅವಳು ಮೊದಲು ಕಣ್ಣು ಮುಚ್ಚಿ, ಗೆರೆ ಹೇಗೆ ಹೋಗಬಹುದೆಂದು ತಾನೇ ಹಾಳೆಯ ಮೇಲೆ ಬಿಡಿಸುತ್ತಿದ್ದಳು. ಆಮೇಲೆ ಯಂತ್ರಕ್ಕೆ ಸಮೀಕರಣ ಕೊಟ್ಟು ನೋಡುತ್ತಿದ್ದಳು. ಎಕ್ಸ್ ವರ್ಗದ ಮುಂದಿನ ಅಂಕಿ ದೊಡ್ಡದಾದರೆ ಗೆರೆಯ ಬಟ್ಟಲು ಕಿರಿದಾಗುತ್ತದೆ. ಮೈನಸ್ ಇಟ್ಟರೆ ಬೋರಲು ಬೀಳುತ್ತದೆ. ಮೊದಲ ದಿನ ಹತ್ತರಲ್ಲಿ ಎರಡು ಸರಿ. ಐದನೆಯ ದಿನ ಹತ್ತರಲ್ಲಿ ಏಳು! ತಪ್ಪಿದರೆ ಬೈಯದ, ನಗದ, ಮತ್ತೆ ಮತ್ತೆ ತೋರಿಸುವ ಗುರು ಅವಳಿಗೆ ಸಿಕ್ಕಿತ್ತು.

ಫೋನು ಬಂದ ಮೂರನೆಯ ದಿನ ಸಂಜೆ ಯಂತ್ರದ ತೆರೆ ಮಂಕಾಯಿತು. ಸಹನಾ ಅಂಗಡಿಗೆ ಓಡಿ ನಾಲ್ಕು ಹೊಸ ಸೆಲ್ಲು ತಂದಳು. ಹಿಂಬದಿಯ ಮುಚ್ಚಳ ತೆಗೆದಳು. ಒಳಗೆ ಮಡಿಚಿಟ್ಟ ಒಂದು ಚೀಟಿ... ರೂಪಾಲಿ, ಹನ್ನೆರಡನೆಯ ತರಗತಿ, ಇಂಟರ್‌ನ್ಯಾಷನಲ್ ಶಾಲೆ, ಪುಣೆ. ಕೆಳಗೆ ಒಂದು ಫೋನ್ ನಂಬರು, ಒಂದು ಸಾಲು ಇಂಗ್ಲಿಷ್: ಸಿಕ್ಕವರು ದಯವಿಟ್ಟು ತಿಳಿಸಿ, ನನ್ನ ಪರೀಕ್ಷೆಗೆ ಇದು ಬೇಕೇ ಬೇಕು.

ಆಗಷ್ಟೇ ಕೆಲಸದಿಂದ ಬಂದಿದ್ದ ತಾಯಿಯ ಮುಂದೆ ಹುಡುಗಿ ಚೀಟಿ ಹಿಡಿದು ನಿಂತಳು.

“ಅವ್ವಾ, ಖರೇ ಹೇಳು. ಯಜಮಾನ್ರು ಕೊಟ್ಟದ್ದೇನಿದು?”

ದ್ರಾಕ್ಷಾಯಣಿ ಕೈಯಲ್ಲಿದ್ದ ಬುತ್ತಿಯನ್ನು ಕೆಳಗಿಟ್ಟಳು. “ಇಲ್ಲವಾ... ನಾನ ತಂದೆ. ಹೊಳ್ಳಿ ಇಡಾಕ ಅಂತನ ತಂದಿದ್ದೆ. ಅವರು ಫೋನ್ ಮಾಡಿದ್ರು... ಹೆದರಿ ಇಲ್ಲ ಅಂದೆ. ಇವತ್ತ... ಇವತ್ತ ಯಲ್ಲವ್ವನ ಕೆಲಸಾ ಬಿಡಿಸಿದ್ರು, ಸಹನಾ! ಆಕೀನ ಮೊದಲು ಆ ಹಾಸಿಗಿ ಝಾಡಿಸಿದ್ಲು ಅಂತ. ಅಳಕೋತ ಹೋದ್ಲು. ಹೋಗೋ ಮುಂದನೂ ನನ್ನ ಬುತ್ತಿಯೊಳಗ ಎರಡ ಚಮಚಾ ಗುರೆಳ್ಳ ಚಟ್ನಿ ಹಾಕಿ, ಮಗಳಿಗೆ ಸೇರತೈತಿ ಒಯ್ಯಿ ಅಂದ್ಲು...”

“ಆ ಹುಡುಗಿಗೂ ಪರೀಕ್ಷಾ ಐತಲ್ಲ ಅವ್ವಾ! ನನಗ ಇದನ್ನ ಒಳಗ ಬಿಡಂಗಿಲ್ಲ. ಆಕಿಗೆ ಇದು ಇಲ್ದ ಆಗಂಗಿಲ್ಲ!”

“ನಾಳಿ ಹೋಗಿ ಹೇಳ್ತೇನಿ. ಕೆಲಸಾ ಹೋಕ್ಕೈತಿ. ಪೊಲೀಸರಿಗೆ ಕೊಟ್ರ... ನೀ ಪರೀಕ್ಷಾ ಹೆಂಗ ಬರೀತಿ?”

ಬಾಗಿಲಲ್ಲಿ ನೆರಳು ಬಿತ್ತು. ಗುರುಸಿದ್ದವ್ವ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಕಳ್ಳಿ!” ಎಂದಳು ಮುದುಕಿ. ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. “ನನ್ನ ಮಗ ಗಿರಣಿಯಿಂದ ಒಂದು ಹಾಳಿ ಕಾಗದ ಮನಿಗೆ ತಂದಿದ್ದಿಲ್ಲ. ಅವನ ಮನ್ಯಾಗ...”

ಆ ರಾತ್ರಿ ಯಾರೂ ಉಣ್ಣಲಿಲ್ಲ. ಸಹನಾ ಹೊಸ ಸೆಲ್ಲು ಹಾಕಿ, ಚೀಟಿಯನ್ನು ಇದ್ದಂತೆ ಮಡಿಚಿಟ್ಟು, ಯಂತ್ರವನ್ನು ಒರೆಸಿ ಗೋಡೆಯ ಮಾಡದಲ್ಲಿಟ್ಟಳು.

ಬೆಳಿಗ್ಗೆ ಕಾರ್ಖಾನೆಯ ಭೋಂಗಾ ಕೂಗಿದಾಗ ಎದ್ದು ನೋಡಿದರೆ ಮಾಡ ಖಾಲಿ! ಮುದುಕಿಯೂ ಇಲ್ಲ, ರೊಟ್ಟಿಯ ಬುಟ್ಟಿಯೂ ಇಲ್ಲ. ಗೂಟಕ್ಕೆ ತೂಗಿದ್ದ ಇಳಕಲ್ ಸೀರೆಯೂ ಇಲ್ಲ.

“ಹೇಳಾಕ ಹೋಗ್ಯಾಳ,” ಎಂದಳು ದ್ರಾಕ್ಷಾಯಣಿ. “ನನ್ನ ಮ್ಯಾಲೆ ಹೇಳಾಕ ಹೋಗ್ಯಾಳ...”

ತಾಯಿ ಮಗಳು ಓಡಿದರು. ಬಸ್ಸು ಆಗಲೇ ಹೊರಟಿತ್ತು. ಕಂಡಕ್ಟರು ಹಿಂದೆ ತಿರುಗಿ ನೋಡಿ ಸೀಟಿ ಹೊಡೆದು ನಿಲ್ಲಿಸಿದ, ಟಿಕೆಟು ಕೊಡುವಾಗ ತಾಯಿಯ ಮುಖ ಕಂಡು ಏನೂ ಕೇಳದೆ ಕಿಟಕಿಯ ಸೀಟು ಬಿಡಿಸಿಕೊಟ್ಟ. ದಾರಿಯುದ್ದಕ್ಕೂ ಕಾಡು ಹಿಂದೆ ಸರಿಯಿತು. ದ್ರಾಕ್ಷಾಯಣಿಗೆ ಕಂಡದ್ದು ಮಾತ್ರ ಪೊಲೀಸ್ ಜೀಪು, ಓಣಿಯ ಜನ, ಮಗಳ ಖಾಲಿ ಉತ್ತರಪತ್ರಿಕೆ.

ಹೋಂಸ್ಟೇಯ ಜಗುಲಿಯ ಮೇಲೆ ಗುರುಸಿದ್ದವ್ವ ಬುಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ಶಿವಯೋಗಿಯ ಕೈಯಲ್ಲಿ ಆ ಕ್ಯಾಲ್ಕುಲೇಟರು.

“ಟೀವಿ ರಿಮೋಟ ಅಂತ ತಿಳದೆ ನೋಡಪಾ,” ಎನ್ನುತ್ತಿದ್ದಳು ಮುದುಕಿ. “ರವಿವಾರ ಬಂದಾಗ ಬಾಗಿಲದಾಗ ಬಿದ್ದಿತ್ತು. ನಮ್ಮ ಮನೀದು ಕೆಟ್ಟೇತಿ. ಬುಟ್ಟಿಯೊಳಗ ಹಾಕ್ಕೊಂಡೆ. ಸೊಸಿಗೆ ಗೊತ್ತಿಲ್ಲ. ಯಲ್ಲವ್ವನ ಪಾಪ ಯಾಕ ಬಿಡಿಸಿದಿ? ಕರಸು ಆಕೀನ.”

ಶಿವಯೋಗಿ ಗುಂಡಿ ಒತ್ತಿದ. ತೆರೆ ಬೆಳಗಿತು. ಹಿಂಬದಿಯ ಮುಚ್ಚಳ ತೆಗೆದು ನೋಡಿದ. “ಹೊಸಾ ಸೆಲ್ ಹಾಕೇತಲ್ಲವಾ ಇದಕ್ಕ?”

“ನಾನ ಹಾಕಿದೆ. ಚಾನಲ್ ಬದಲಾಗವಲ್ದು ಅಂತ!”

ಅಡುಗೆಮನೆಯ ಕಿಟಕಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಶಿವಯೋಗಿ ನಗಲಿಲ್ಲ. ಅಂಗಳದಲ್ಲಿ ಕಲ್ಲಾಗಿ ನಿಂತಿದ್ದ ದ್ರಾಕ್ಷಾಯಣಿಯನ್ನು ನೋಡಿದ, ಮತ್ತೆ ಮುದುಕಿಯನ್ನು.

“ಲಿಂಗದಾಣಿ ಅನ್ನು ನೋಡೂಣು, ಆಯಿ.”

ಮುದುಕಿಯ ಕೈ ಬುಟ್ಟಿಯ ಅಂಚನ್ನು ಬಿಡಲಿಲ್ಲ. ಎದೆಯವರೆಗೆ ಏಳಲೇ ಇಲ್ಲ.

“ಅತ್ತೀ...” ಎಂದು ದ್ರಾಕ್ಷಾಯಣಿ ಬಾಯಿ ತೆರೆದಳು.

“ನೀ ಸುಮ್ನಿರು!” ಎಂದು ಗದರಿದಳು ಗುರುಸಿದ್ದವ್ವ. ಆಮೇಲೆ ಅವಳಿಗಷ್ಟೇ ಕೇಳುವಂತೆ, “ಹುಡುಗಿ ಪರೀಕ್ಷಾ ಮುಗಿಯೂತನಕ ಬಾಯಿ ಬಿಟ್ಟೀದಿ ಅಂದ್ರ ನೋಡು. ನನ್ನ ಮಗನ ಹೆಸರು ಹೇಳಾಕ ಉಳದಾಕಿ ಆಕಿ ಒಬ್ಬಾಕಿನ.”

ಶಿವಯೋಗಿ ಒಳಗಿನಿಂದ ಚಹಾ ತರಿಸಿ ಮೊದಲು ಮುದುಕಿಗೇ ಕೊಟ್ಟ. “ಯಲ್ಲವ್ವಗ ನಾನ ಹೋಗಿ ತಪ್ಪಾತು ಅಂತೇನಿ. ಪುಣೆಗೆ ಇವತ್ತ ಕಳಸ್ತೇನಿ. ಆದ್ರ ಆಯಿ... ಮಂದಿಗೆ ಗೊತ್ತಾಗೇತಿ. ರವಿವಾರ ಇನ್ನ ನೀವು ಬರೂದು ಬ್ಯಾಡ.”

“ಆತಪಾ,” ಎಂದು ಮುದುಕಿ ಎದ್ದಳು. ಬುಟ್ಟಿಯ ರೊಟ್ಟಿಗಳನ್ನು ಅಲ್ಲೇ ಬಿಟ್ಟಳು.

ಅಂದಿನಿಂದ ಮನೆಯಲ್ಲಿ ಲಿಂಗದಾಣಿ ಎಂಬ ಮಾತು ಕೇಳದಾಯಿತು. ಉಪ್ಪು ಕಡಿಮೆಯಾದರೆ ಮುದುಕಿ ಸುಮ್ಮನೆ ಉಂಡಳು. ಹಾಲಿನವನು ನೀರು ಬೆರೆಸಿದರೂ ಜಗಳವಿಲ್ಲ. ಪೂಜೆಯ ಹೊತ್ತಿಗೆ ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣೀರು ಸುರಿಸುವಳು. ಹೊರಗೆ ಬಂದು ಕರಡಿಗೆಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುವಳು. “ನೀ ದವಾಖಾನಿಗೆ ಲಗೂನ ಒಯ್ದಿದ್ರ” ಎಂಬ ಮಾತೂ ಬರಲಿಲ್ಲ. ದ್ರಾಕ್ಷಾಯಣಿಗೆ ಆ ಮೌನ ಬೈಗುಳಕ್ಕಿಂತ ಭಾರವಾಯಿತು. ಸಹನಾ ಬರಿಗೈಯಲ್ಲಿ ಗ್ರಾಫ್ ಬಿಡಿಸಿದಳು. ಸರಿಯೋ ತಪ್ಪೋ ತೋರಿಸಲು ಯಂತ್ರವಿಲ್ಲ. ಮತ್ತೆ ಭಯ... ಆಗೆಲ್ಲ ಆಯಿ ಪಕ್ಕದಲ್ಲಿ ಬಂದು, ಏನೂ ತಿಳಿಯದಿದ್ದರೂ, ಹಾಳೆಯನ್ನು ನೋಡುತ್ತ ಕೂರುವಳು.

ಗಣಿತದ ಪತ್ರಿಕೆ ಹಳಿಯಾಳದಲ್ಲಿ, ಮಧ್ಯಾಹ್ನ. ಗೇಟಿನಲ್ಲಿ ಪೇದೆಯೊಬ್ಬ ಮಕ್ಕಳ ವಾಚು, ಫೋನು, ಕ್ಯಾಲ್ಕುಲೇಟರು ಹುಡುಕುತ್ತಿದ್ದ. ಗುರುಸಿದ್ದವ್ವ ಯಾರೂ ಕೇಳದೆಯೇ ತನ್ನ ಬುತ್ತಿಯ ಗಂಟನ್ನು ಬಿಚ್ಚಿ ಅವನ ಮುಂದೆ ಹಿಡಿದಳು.

“ನೋಡಪಾ... ರೊಟ್ಟಿ ಅಷ್ಟ. ಬ್ಯಾರೆ ಏನೂ ಇಲ್ಲ.”

“ನಿಮ್ಮನ್ಯಾರ ಕೇಳಿದ್ರು, ಅಜ್ಜಿ? ನೆಳ್ಳಾಗ ಕುಂದರ್ರಿ,” ಎಂದ ಅವನು, ಮೆತ್ತಗೆ.

ಸಹನಾ ಅದನ್ನು ನೋಡಿದಳು. ಆಯಿಯ ಪಾದ ಮುಟ್ಟಿ ಒಳಗೆ ಹೋದಳು.

ಗಂಟೆ ಹೊಡೆಯಿತು. ಬೇವಿನ ಮರದ ಕೆಳಗೆ ದ್ರಾಕ್ಷಾಯಣಿ ಫೋನು ತೆಗೆದಳು. ಇಷ್ಟು ದಿನ ಇದೊಂದು ಗಳಿಗೆಗೇ ಅವಳು ಕಾದಿದ್ದಳು. ಶಿವಯೋಗಿಯ ನಂಬರು ಒತ್ತಿದಳು.

“ಅಣ್ಣಾರ... ಅದನ್ನ ತಂದಾಕಿ ನಾನ್ರಿ. ನಮ್ಮ ಅತ್ತಿ ಅಲ್ಲ.”

ಆ ಕಡೆಯಿಂದ ಶಿವಯೋಗಿಯ ದನಿ. “ಆಯಿ ಅವತ್ತ ಆಣಿ ಮಾಡಲಿಲ್ಲಲ್ಲ, ಅವಾಗ ತಿಳೀತ್ರಿ. ನೀವ ಹೇಳ್ತೀರೇನು ಅಂತ ಕಾಯಾಕತ್ತಿದ್ದೆ. ಕೆಲಸದ್ದು ನನ್ನ ಕೇಳಬ್ಯಾಡ್ರಿ. ಯಲ್ಲವ್ವನ ಮನಿಗೆ ಹೋಗ್ರಿ. ಆಕಿ ಬಾ ಅಂದ್ರ ಬರ್ರಿ. ಬ್ಯಾಡ ಅಂದ್ರ... ಬ್ಯಾಡ.”

“ಹುಚ್ಚಿ!” ಎಂದಳು ಗುರುಸಿದ್ದವ್ವ. “ಆ ತಪ್ಪು ನಾ ಹೊತ್ತಿದ್ನಲ್ಲ. ನನಗ ಇನ್ನೆಷ್ಟ ದಿನ ಐತಿ? ಯಾಕ ಹೇಳಿದಿ?”

“ನೀವು ಮಾತಾಡೂದು ಬಿಟ್ರಿ, ಅತ್ತಿ. ನನಗ ಹೆದರಿಕಿ ಬಂತು...”

ಮುದುಕಿ ಮುಖ ತಿರುಗಿಸಿದಳು. ಸೆರಗಿನ ತುದಿ ಕಣ್ಣಿಗೆ ಹೋಯಿತು. ಮರದ ನೆರಳು ಸರಿದು ಬಿಸಿಲಿಗೆ ಸೊಸೆಯ ನೆತ್ತಿ ಸುಡುತ್ತಿದೆಯೆಂದು ಕಂಡು, ಅವಳ ತೋಳು ಹಿಡಿದು ನೆರಳಿಗೆ ಎಳೆದುಕೊಂಡಳು.

ನಾಲ್ಕಕ್ಕೆ ಮಕ್ಕಳು ಹೊರಬಿದ್ದರು. ಸಹನಾಳ ಮುಖ ಬಿಳಿಚಿತ್ತು, ಬೆರಳಿಗೆಲ್ಲ ಮಸಿ.

“ಹೆಂಗಾತ?” ಎಂದಳು ತಾಯಿ.

“ಕೈ ತಣ್ಣಗಾಗಿದ್ದು ಖರೇ ಅವ್ವಾ. ಕಣ್ಣ ಮುಚ್ಚಿದೆ. ಗೆರಿ ತಾನ ಕಾಣ್ತು. ಎಷ್ಟ ಬರತಾವೋ ಗೊತ್ತಿಲ್ಲ... ಹೆದರಿ ಖಾಲಿ ಬಿಟ್ಟಿದ್ದು ಒಂದೂ ಇಲ್ಲ.”

ಯಲ್ಲವ್ವನ ಮನೆಯ ಬಾಗಿಲು ಇನ್ನೂ ತಟ್ಟಬೇಕಿತ್ತು. ನಾಳೆಯ ಕೆಲಸ ಇದೆಯೋ ಇಲ್ಲವೋ ತಿಳಿದಿರಲಿಲ್ಲ. ಗುರುಸಿದ್ದವ್ವ ಕಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿದಳು. ಅವಳ ಎರಡು ಬೆರಳು ಮೆಲ್ಲನೆ, ಅಂಜುತ್ತಂಜುತ್ತ, ಸೆರಗಿನೊಳಗಿನ ಕರಡಿಗೆಯನ್ನು ಹುಡುಕಿದವು.

“ಬರ್ರಿ, ಉಣ್ಣೂಣು,” ಎಂದಳು. “ಲಿಂಗದಾಣಿ, ನನಗ ಭಾಳ ಹಸಿವ್ಯಾಗೇತಿ.”