ಕಲ್ಲಾನೆ ಎದ್ದು ಹೋದ ಕೋಟೆ

ಬಹಳ ಹಿಂದೆ, ಬೆಟ್ಟಗಳು ಮನುಷ್ಯರ ಮಾತಿಗೆ ಓಗೊಡುತ್ತಿದ್ದ ಕಾಲದಲ್ಲಿ, ನೀಲಗೊಂಡ ಎಂಬ ರಾಜ್ಯವಿತ್ತು. ಅದರ ಕೋಟೆಗೆ ಮೂರು ಬಾಗಿಲು. ಮೂಡಣ ಬಾಗಿಲಲ್ಲಿ ಒಂದು ಕಲ್ಲಾನೆ, ತೆಂಕಣ ಬಾಗಿಲಲ್ಲಿ ಒಂದು ಕಲ್ಲಿನ ಯಾಳಿ, ಬಡಗಣ ಬಾಗಿಲ ನೆತ್ತಿಯ ಮೇಲೆ ಎರಡು ತಲೆಯ ಗಂಡಭೇರುಂಡ. ಶತ್ರುಗಳು ಬಂದರೆ ಮೂರಕ್ಕೂ ಜೀವ ಬರುತ್ತಿತ್ತು. ಒಂದು ಘೀಳು, ಒಂದು ಗರ್ಜನೆ, ಒಂದು ರೆಕ್ಕೆಬಡಿತ. ಅಷ್ಟಕ್ಕೇ ದಂಡುಗಳು ದಿಕ್ಕಾಪಾಲಾಗಿ ಓಡುತ್ತಿದ್ದವು.

ಈ ಕಾವಲು ಬೆಟ್ಟ ಕೊಟ್ಟದ್ದು. ಅದಕ್ಕೆ ಪ್ರತಿಯಾಗಿ ಮೊದಲ ಅರಸ ಬೆಟ್ಟಕ್ಕೆ ಮೂರು ಮಾತು ಕೊಟ್ಟಿದ್ದ. "ದೂರು ಹೊತ್ತು ಬಂದವರಿಗೆ ನನ್ನ ಕದ ಮುಚ್ಚುವುದಿಲ್ಲ. ಹಸಿದು ಬಂದವರಿಗೆ ನನ್ನ ಕಣಜ ಮುಚ್ಚುವುದಿಲ್ಲ. ವಿಚಾರಿಸದೆ ಯಾರನ್ನೂ ದಂಡಿಸುವುದಿಲ್ಲ." ಹತ್ತು ತಲೆಮಾರು ಅರಸರು ಆ ಮಾತು ನಡೆಸಿದರು. ಹನ್ನೊಂದನೆಯವನು ರಣತುಂಗ.

ರಣತುಂಗ ಕೆಟ್ಟವನಲ್ಲ. ಆದರೆ ಯಾರಾದರೂ ಕಷ್ಟ ಹೇಳಿಕೊಂಡರೆ ಅವನಿಗೆ ತಲೆ ನೋಯುತ್ತಿತ್ತು. ಹೊಗಳಿದರೆ ನೋವು ಇಳಿಯುತ್ತಿತ್ತು. ಇದು ಪಡುವಣ ಕಣಿವೆಯ ಮಾಂತ್ರಿಕ ಗರಳಾಕ್ಷನಿಗೆ ತಿಳಿಯಿತು. ನೀಲಗೊಂಡದ ಬೆಟ್ಟದ ಹೊಟ್ಟೆಯಲ್ಲಿ ಬಂಡಿಗಾಲಿಯಷ್ಟು ದೊಡ್ಡ ನೀಲಮಣಿಯಿತ್ತು; ಅವನ ಕಣ್ಣು ಅದರ ಮೇಲೆ. ಅವನು ಅರಸನಿಗೆ ಒಂದು ಬಂಗಾರದ ಗಿಳಿ ತಂದುಕೊಟ್ಟ.

"ಮಹಾಪ್ರಭು, ರಾಜ್ಯದ ಸುದ್ದಿಯೆಲ್ಲ ಇದೇ ಹೇಳುತ್ತದೆ. ತಾವು ಯಾರನ್ನೂ ಕೇಳಬೇಕಾಗಿಲ್ಲ."

ದಿನಾ ಬೆಳಗ್ಗೆ ಗಿಳಿ ರೆಕ್ಕೆ ಬಿಚ್ಚಿ, "ಎಲ್ಲ ಕ್ಷೇಮ ಪ್ರಭು, ಎಲ್ಲ ಸುಭಿಕ್ಷ" ಎನ್ನುತ್ತಿತ್ತು. ಅರಸನಿಗೆ ಹಾಯೆನಿಸಿತು. ಇನ್ನು ದೂರಿನ ಕದ ಏತಕ್ಕೆಂದು ಮುಚ್ಚಿಸಿದ.

ಕದ ಮುಚ್ಚಿದ ಆ ಬೆಳಗಿನ ಹೊತ್ತು ಮೂಡಣ ಬಾಗಿಲಲ್ಲಿ ಕೇತವ್ವ ಇದ್ದಳು. ಅವಳು ಕಲ್ಲುಕುಟಿಗ ಮಾಚೋಜನ ಮಗಳು. ಕಾವಲು ಪ್ರಾಣಿಗಳಿಗೆ ನೀರೆರೆದು ಎಣ್ಣೆ ಸವರುವುದು ಅಪ್ಪ ಮಗಳ ಕೆಲಸ. ಅವಳು ಕಲ್ಲಾನೆಯ ಕಾಲು ಉಜ್ಜುತ್ತಿದ್ದಾಗ ಆ ಕಾಲು ಮೆಲ್ಲನೆ ಮೇಲೆದ್ದಿತು. ಅವಳು ಹಿಂದೆ ಸರಿದಳು. ಆನೆ ಪೀಠದಿಂದಿಳಿಯಿತು, ಒಮ್ಮೆ ಕೋಟೆಯ ಕಡೆ ತಿರುಗಿ ನೋಡಿತು, ಮತ್ತೆ ಹೆಜ್ಜೆ ಹಾಕಿತು. ಅಷ್ಟು ದೊಡ್ಡ ಪ್ರಾಣಿ, ಒಂದು ತರಗೆಲೆಯೂ ಸದ್ದು ಮಾಡಲಿಲ್ಲ.

ಆ ತಿಂಗಳು ಮಿಡತೆಗಳು ಬಂದು ಹೊಲಗಳು ಬರಿದಾದವು. ಹಸಿದವರು ಕಣಜದ ಮುಂದೆ ನೆರೆದರು. "ಎಲ್ಲ ಸುಭಿಕ್ಷ" ಎಂದಿತು ಗಿಳಿ. ಅರಸ ಕಣಜ ತೆರೆಯಲಿಲ್ಲ. ಯಾಳಿ ಎದ್ದು ಹೋಯಿತು.

ಮಾಚೋಜ ತಡೆಯಲಾರದೆ ಅರಮನೆಗೆ ನುಗ್ಗಿದ. "ಪ್ರಭು, ಎರಡು ಪೀಠ ಖಾಲಿಯಾಗಿವೆ. ಬಂದು ಒಮ್ಮೆ ನೋಡಿ!"

"ಕಲ್ಲು ನಡೆಯುತ್ತದೆಯೇ? ಸುಳ್ಳುಗಾರ!" ಎಂದ ಅರಸ. ನೋಡಲು ಏಳಲೇ ಇಲ್ಲ. ಮಾಚೋಜನನ್ನು ಸೆರೆಗೆ ಹಾಕಿಸಿದ. ಗಂಡಭೇರುಂಡ ರೆಕ್ಕೆ ಬಿಚ್ಚಿ ಹಾರಿತು. ಅದರ ನೆರಳು ಊರನ್ನೆಲ್ಲ ಒಮ್ಮೆ ಸವರಿ ಮಾಯವಾಯಿತು.

ಕೇತವ್ವ ಅಳುತ್ತ ಕೂರಲಿಲ್ಲ. ಮನೆಯಲ್ಲಿ ಉಳಿದಿದ್ದ ಹಿಟ್ಟೆಲ್ಲ ಬಳಿದು ಜೋಳದ ರೊಟ್ಟಿ ತಟ್ಟಿ, ಗಂಟು ಕಟ್ಟಿಕೊಂಡು, ಆನೆಯ ಹೆಜ್ಜೆ ಹಿಡಿದು ಹೊರಟಳು.

ಏಳು ಹಳ್ಳ ದಾಟಿದ ಮೇಲೆ ಒಂದು ತಿಳಿಗೊಳ ಸಿಕ್ಕಿತು. ನಡುನೀರಲ್ಲಿ ಕಲ್ಲಾನೆ ನಿಂತಿತ್ತು.

"ಬಾ ನನ್ನಪ್ಪಾ, ಊರಿಗೆ ಹೋಗೋಣ" ಎಂದಳು.

"ನಾನು ಹೇಳುವುದನ್ನು ಕೊನೆತನಕ ಕೇಳುತ್ತೀಯಾ? ನಡುವೆ ಬಾಯಿ ಹಾಕಬಾರದು, ಎದ್ದು ಹೋಗಬಾರದು."

ಅವಳು ದಡದಲ್ಲಿ ಕುಳಿತಳು. ಆನೆ ಹೇಳತೊಡಗಿತು. ತನ್ನ ಕಾಲಿಗೊರಗಿ ಅತ್ತವರ ಮಾತುಗಳು ಅವೆಲ್ಲ. ಮಗು ಕಳಕೊಂಡವಳು, ಹೊಲ ಕಸಿಸಿಕೊಂಡವನು, ಹೇಳಲು ಬೇರೆ ಯಾರೂ ಇಲ್ಲದ ಮುದುಕ. ಇನ್ನೂರು ವರ್ಷದ ಸಂಕಟ ಅದರ ಕಿವಿಯಲ್ಲಿತ್ತು. ಕೊಳದ ಮೀನುಗಳು ಅಲುಗದೆ ನಿಂತು ಕೇಳಿದವು. ಮೂರನೆಯ ದಿನ ಆನೆ ಹೇಳಿತು: "ಮೊನ್ನೆ ಒಬ್ಬ ಹುಡುಗಿ ಬಂದಿದ್ದಳು. ಅಪ್ಪನಿಗೆ ಕಣ್ಣು ಮಂಜಾಗುತ್ತಿದೆ, ಯಾರಿಗೂ ಹೇಳಬೇಡ ಅಂದಳು." ಅದು ಅವಳದೇ ಮಾತು. ಕೇತವ್ವ ಸೆರಗು ಬಾಯಿಗೊತ್ತಿಕೊಂಡಳು, ಸದ್ದು ಮಾಡಲಿಲ್ಲ. ಮಾತು ಮುಗಿಯಿತು. ಆನೆ ದಡಕ್ಕೆ ಬಂತು.

ಯಾಳಿ ಸಿಕ್ಕಿದ್ದು ಸುಟ್ಟ ಬಂಡೆಗಳ ಬಯಲಲ್ಲಿ. ಸಿಂಹದ ಮೈ, ಆನೆಯ ಸೊಂಡಿಲು, ಕೆಂಡದಂಥ ಕಣ್ಣು. "ಹಸಿವು" ಎಂದಿತು. ಗಂಟಿನಲ್ಲಿ ಒಂದೇ ರೊಟ್ಟಿ ಉಳಿದಿತ್ತು. ಕೇತವ್ವ ಮುರಿದು ಅರ್ಧ ಚಾಚಿದಳು.

"ಪೂರ್ತಿ ಏಕೆ ಕೊಡಲಿಲ್ಲ?"

"ನಾನು ಹಸಿದು ಬಿದ್ದರೆ ನಿನ್ನನ್ನು ಊರಿಗೆ ಕರೆದೊಯ್ಯುವವರು ಯಾರು?"

ಯಾಳಿ ನಕ್ಕಿತು. ಆ ನಗೆಗೆ ಬಂಡೆಗಳು ಉರುಳಿದವು. ಅದೂ ಹಿಂದೆ ಹೊರಟಿತು.

ಗಂಡಭೇರುಂಡ ಮೋಡಗಳಿಗಿಂತ ಮೇಲೆ, ಒಂದು ಶಿಖರದ ತುದಿಯಲ್ಲಿ ಕುಳಿತಿತ್ತು. ಅದರ ಒಂದು ಕಾಲ ಕೆಳಗೆ ಒಬ್ಬ ಮನುಷ್ಯ ಬಿದ್ದಿದ್ದ. ಸೆರೆಮನೆಯ ಕಾವಲಿನ ಬಿಳಿಯಪ್ಪ!

"ನಿನ್ನಪ್ಪನಿಗೆ ಕೋಳ ತೊಡಿಸಿದ್ದು ಇವನು" ಎಂದಿತು ಒಂದು ತಲೆ. "ಹಾರುವಾಗ ಹಿಡಿದು ತಂದೆ. ಹೂಂ ಅನ್ನು, ಕೆಳಗೆ ಎಸೆಯುತ್ತೇನೆ."

ಇನ್ನೊಂದು ತಲೆ ಅವಳನ್ನೇ ನೋಡುತ್ತಿತ್ತು.

ಕೇತವ್ವನ ಮೈಯೆಲ್ಲ ಉರಿಯಿತು. ಹೂಂ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಕೇಳಿದಳು: "ನೀನೇ ಹೇಳು ಬಿಳಿಯಪ್ಪ. ಏನು ನಡೆಯಿತು?"

"ಕೋಳ ಹಾಕಿದ್ದು ನಿಜ ತಂಗಿ. ಕೈ ನೋಯಬಾರದು ಅಂತ ಸಡಿಲ ಬಿಟ್ಟೆ. ತಪ್ಪು ಅಂತ ಗೊತ್ತಿತ್ತು. ಅರಸರ ಮುಂದೆ ಬಾಯಿ ಬರಲಿಲ್ಲ."

ಕೇತವ್ವ ಗಂಡಭೇರುಂಡದ ಕಡೆ ತಿರುಗಿದಳು. "ಇವನು ಹೇಡಿ. ಆದರೆ ಅದು ಪ್ರಾಣ ತೆಗೆಯುವ ತಪ್ಪಲ್ಲ. ಬಿಡು ಇವನನ್ನು."

ಎರಡೂ ತಲೆಗಳು ಬಾಗಿದವು.

ಬಿಳಿಯಪ್ಪನೊಂದಿಗೆ ಗಂಡಭೇರುಂಡದ ಬೆನ್ನೇರಿ ಬರುವಾಗ ಮೇಲಿನಿಂದಲೇ ಕಂಡಿತು: ಪಡುವಣ ಕಣಿವೆಯಿಂದ ಹೊಗೆಬಣ್ಣದ ತೋಳಗಳು ಹಿಂಡು ಹಿಂಡಾಗಿ ಕೋಟೆಗೆ ನುಗ್ಗುತ್ತಿವೆ. ನೀಲಮಣಿಯ ಗುಹೆಯ ಕಡೆಗೆ ಗರಳಾಕ್ಷ ಮೆಟ್ಟಿಲಿಳಿಯುತ್ತಿದ್ದಾನೆ. ಕೆಳಗೆ ಓಡಿಬಂದ ಆನೆ ಒಂದು ತೋಳವನ್ನು ತುಳಿಯಿತು. ಕಾಲು ಹೊಗೆಯೊಳಗೆ ಹಾದು ನೆಲ ಮುಟ್ಟಿತು. ಗಂಡಭೇರುಂಡ ಕೇತವ್ವನನ್ನು ಅದರ ಪಕ್ಕದಲ್ಲೇ ಇಳಿಸಿತು.

"ಗಿಳಿ ಹೇಳಿದ ಒಂದೊಂದು ಸುಳ್ಳೂ ಒಂದೊಂದು ತೋಳ" ಎಂದಿತು ಆನೆ. "ಇವನ್ನು ನಾವು ಕೊಲ್ಲಲಾರೆವು. ಅರಸನೇ ಬಾಯಿಬಿಟ್ಟು ಕೇಳಿದರೆ ಗಿಳಿ ನಿಜ ಹೇಳಲೇಬೇಕು. ಅವನು ಇದುವರೆಗೆ ಒಂದು ಪ್ರಶ್ನೆಯನ್ನೂ ಕೇಳಿಲ್ಲ."

ಕೇತವ್ವ ಅರಮನೆಗೆ ಓಡಿದಳು. ರಣತುಂಗ ಕಿವಿ ಮುಚ್ಚಿಕೊಂಡು ಸಿಂಹಾಸನದಲ್ಲಿ ಕುಳಿತಿದ್ದ. "ಎಲ್ಲ ಕ್ಷೇಮ, ಎಲ್ಲ ಕ್ಷೇಮ" ಎನ್ನುತ್ತಿತ್ತು ಗಿಳಿ. ಹೊಸ್ತಿಲಲ್ಲಿ ತೋಳಗಳು ಹಲ್ಲು ಮಸೆಯುತ್ತಿದ್ದವು.

"ಒಡೆಯಾ, ಗಿಳಿಯನ್ನು ಕೇಳಿ! ನನ್ನ ಆನೆ ಏಕೆ ಹೋಯಿತು ಅಂತ ಕೇಳಿ!"

ಅರಸ ಕಿವಿಯಿಂದ ಕೈ ತೆಗೆದ. "ಗಿಳಿಯೇ... ಆನೆ ಏಕೆ ಹೋಯಿತು?"

ಗಿಳಿಯ ದನಿ ಬದಲಾಯಿತು. "ನೀನು ಕದ ಮುಚ್ಚಿದೆ. ಅದು ಬಿಟ್ಟುಹೋಯಿತು." ಹೊರಗೆ ಒಂದು ಪಾಲು ತೋಳಗಳು ಕರಗಿದವು. "ಜನರ ಹಸಿವನ್ನೂ ಕೇಳಿ!" ಎಂದಳು ಕೇತವ್ವ.

"ನನ್ನ ಜನ ಏನು ತಿಂದರು?"

"ಮೊನ್ನೆ ತೌಡು. ನಿನ್ನೆ ಹುಣಸೆ ಚಿಗುರು. ಇಂದು ಏನೂ ಇಲ್ಲ." ಇನ್ನೊಂದು ಪಾಲು ಕರಗಿತು. ಅರಸನ ಕಣ್ಣಲ್ಲಿ ನೀರು ತುಂಬಿತ್ತು. ಮೂರನೆಯದನ್ನು ಅವನು ಯಾರೂ ಹೇಳಿಕೊಡದೆ ಕೇಳಿದ:

"ಮಾಚೋಜನ ತಪ್ಪೇನು?"

"ನಿನಗೆ ನಿಜ ಹೇಳಿದ್ದು."

ಹಾಗೆಂದು ಗಿಳಿ ಬೂದಿಯಾಗಿ ಉದುರಿತು. ಉಳಿದ ತೋಳಗಳು ಇಬ್ಬನಿಯಂತೆ ಆರಿದವು. ಆ ಸುಳ್ಳುಗಳ ಬಲದಲ್ಲೇ ಉಸಿರಾಡುತ್ತಿದ್ದ ಗರಳಾಕ್ಷ ಗುಹೆಯ ಬಾಗಿಲಲ್ಲಿ ನಿಂತಂತೆಯೇ ಹೊಗೆಯಾದ. ಗಾಳಿ ಅವನನ್ನು ಒಯ್ದಿತು. ಬೆಟ್ಟದೊಳಗಿಂದ ನೀಲಿ ಬೆಳಕು ಮೇಲೆದ್ದು ಊರನ್ನೆಲ್ಲ ತೊಳೆಯಿತು.

ರಣತುಂಗ ಹೊರಗೆ ಓಡಿಬಂದು ಕಲ್ಲಾನೆಯ ಮುಂದೆ ಮಂಡಿಯೂರಿದ. "ಇನ್ನು ಮೇಲೆ ಆ ಮೂರು ಮಾತು ನಡೆಸುತ್ತೇನೆ. ನನ್ನನ್ನು ನಂಬು."

"ಕಲ್ಲನ್ನು ಮತ್ತೆ ಕೂಡಿಸಬಹುದು ಅರಸಾ, ಮುರಿದ ಮಾತನ್ನಲ್ಲ" ಎಂದಿತು ಆನೆ. ಆ ಮಾತಿಗೆ ಅರಮನೆಯೊಳಗೆ ಸಿಂಹಾಸನ ನಡುವೆ ಸೀಳಿ ನೆಲದೊಳಗೆ ಇಳಿದುಹೋಯಿತು. ಹನ್ನೊಂದು ತಲೆಮಾರಿನ ಅರಸೊತ್ತಿಗೆ ಅಲ್ಲಿಗೆ ಮುಗಿಯಿತು.

ಜನ ಕಿರೀಟವನ್ನು ಕೇತವ್ವನಿಗೆ ಚಾಚಿದರು. ಅವಳು ಕೈ ಹಿಂದಕ್ಕೆಳೆದುಕೊಂಡಳು. "ಒಬ್ಬರ ಕಿವಿಯನ್ನು ನಂಬಿ ಊರೆಲ್ಲ ಬದುಕಿದ್ದು ಸಾಕು. ಕೇರಿಗೊಬ್ಬರನ್ನು ಆರಿಸಿ. ಎಲ್ಲರೂ ಕೂತು ಕೇಳೋಣ." ಅಂದೇ ಊರಿಗೆ ಊರೇ ಬೆಟ್ಟದ ಮೇಲೆ ಅಂಗೈ ಊರಿ ಆ ಮೂರು ಮಾತು ಆಡಿತು. ಪ್ರಾಣಿಗಳು ತಮ್ಮ ತಮ್ಮ ಪೀಠವೇರಿ ಕಲ್ಲಾದವು. ಬಿಳಿಯಪ್ಪ ಓಡಿಹೋಗಿ ಮಾಚೋಜನ ಕೋಳ ಬಿಚ್ಚಿ, ಕೈಹಿಡಿದು ಮಗಳ ಬಳಿಗೆ ಕರೆತಂದ. "ಕೇತೀ, ಬಂದೆಯಾ?" ಎಂದು ಮಂಜುಗಣ್ಣಿನ ಅಪ್ಪ ಅವಳ ಮುಖವನ್ನು ಬೆರಳಿಂದ ಸವರಿ ನೋಡಿದ.

ರಣತುಂಗ ತಾನೇ ಕಣಜದ ಕದ ತೆರೆದ, ತಾನೇ ಮೂಟೆ ಹೊತ್ತ, ಒಲೆ ಹೊತ್ತಿಸಿದವರ ಪಕ್ಕದಲ್ಲಿ ನಿಂತು ಗಂಜಿ ಬಡಿಸಿದ. ಒಬ್ಬ ಮುದುಕಿ ಬಟ್ಟಲು ಮುಂದೆ ಹಿಡಿದು, "ಇನ್ನೊಂದು ಸೌಟು ಹಾಕಪ್ಪ, ಮನೆಯಲ್ಲಿ ಮೊಮ್ಮಗ ಇದ್ದಾನೆ" ಎಂದಳು.

"ಮೊಮ್ಮಗನಿಗೆ ಎಷ್ಟು ವರ್ಷ ಅಜ್ಜಿ?" ಎಂದು ಕೇಳಿದ ರಣತುಂಗ. ಅವಳು ಹೇಳತೊಡಗಿದಳು. ಅವನು ಸೌಟು ಹಿಡಿದುಕೊಂಡು ಪೂರ್ತಿ ಕೇಳಿದ. ಅವನ ತಲೆ ನೋಯಲಿಲ್ಲ. ಮುಂದಿನ ಮಳೆಗೆ ಪೈರು ಆಳೆತ್ತರ ಬಂತು. ನೀಲಗೊಂಡದವರು ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ, ಬಹುಕಾಲ ಸುಖವಾಗಿ ಬಾಳಿದರು.